ಬಂದರಿನ ತಕ್ಕಡಿ

ಸವಳಂಗದ ಸುತ್ತಮುತ್ತಲಿನ ನಮ್ಮ ಕುಟುಂಬಗಳು ಮಂಗಳೂರಿಗೆ ಹೋಗುವುದು ಬಹುಮಟ್ಟಿಗೆ ಎರಡೇ ಕಾರಣಗಳಿಂದ: ಒಂದು ಆಸ್ಪತ್ರೆ, ಇನ್ನೊಂದು ಕಾಲೇಜು. ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆಯ 14 ತಿರುವುಗಳನ್ನು ಇಳಿದು, ಉಡುಪಿಯನ್ನು ಹಾದು, 200 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಅಲ್ಲಿಗೆ ತಲುಪುತ್ತೇವೆ. ಬಂದ ಕೆಲಸ ಮುಗಿದ ಮೇಲೆ ಹೊತ್ತು ಉಳಿದರೆ ಪಣಂಬೂರಿನ ಕಡಲ ತೀರ, ಪಿಲಿಕುಳ, ಯಾವುದಾದರೊಂದು ಮಾಲ್, ಮಕ್ಕಳು ಹಟ ಹಿಡಿದರೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಊರಿಗೆ ಮರಳಿದ ಮೇಲೆ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ, ಸಮುದ್ರ ನೋಡಿದೆವು ಎನ್ನುತ್ತೇವೆ.

ಸಮುದ್ರ ನೋಡುವುದು ಒಳ್ಳೆಯದೇ. ಕಡಲನ್ನೂ ಅದರ ಮೇಲೆ ತೇಲುವ ಹಡಗುಗಳನ್ನೂ ಅಲ್ಲಾಹನ ದೃಷ್ಟಾಂತಗಳೆಂದು ಕುರ್‌ಆನ್ ಮತ್ತೆ ಮತ್ತೆ ನೆನಪಿಸುತ್ತದೆ. ಆದರೆ ಆ ಹಡಗುಗಳು ಬಂದು ನಿಂತ ಜಾಗ ಪಣಂಬೂರಲ್ಲ. ಪಣಂಬೂರಿನ ನವ ಮಂಗಳೂರು ಬಂದರು ಪ್ರಧಾನ ಬಂದರಾದುದು 1974ರಲ್ಲಿ, ಅಂದರೆ ನಮ್ಮ ಹಿರಿಯರ ನೆನಪಿನೊಳಗೆ. ಅದಕ್ಕಿಂತ ನೂರಾರು ವರ್ಷಗಳ ಹಿಂದಿನಿಂದ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಒಳಬದಿಯಲ್ಲಿ ಇನ್ನೊಂದು ಬಂದರು ಇದೆ. ಮಂಗಳೂರಿಗರು ಅದಕ್ಕೆ ಬೇರೆ ಹೆಸರು ಇಟ್ಟಿಲ್ಲ. ಆ ಬಡಾವಣೆಗೇ ‘ಬಂದರು’ ಎನ್ನುತ್ತಾರೆ. ನಮ್ಮ ಕಡೆಯಿಂದ ಹೋದವರಲ್ಲಿ ಅಲ್ಲಿಗೆ ಕಾಲಿಡುವವರು ವಿರಳ. ಇಕ್ಕಟ್ಟಾದ ರಸ್ತೆಗಳು, ಲಾರಿಗಳ ಸಾಲು, ಒಣಮೀನಿನ ವಾಸನೆ, ಮೂಟೆ ಹೊತ್ತು ಓಡುವ ಹಮಾಲರ ಕೂಗು. ನೋಡಲು ಏನಿದೆ ಎನ್ನಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಕರ್ನಾಟಕದ ಮುಸ್ಲಿಮ್ ಕುಟುಂಬವೊಂದು ಮಂಗಳೂರಿನಲ್ಲಿ ಮೊದಲು ನೋಡಬೇಕಾದ ಸ್ಥಳ ಅದೇ.

ಆ ಮಂಡಿ ಅಂಗಡಿಗಳ ನಡುವೆಯೇ ಝೀನತ್ ಬಕ್ಷ್ ಜುಮಾ ಮಸ್ಜಿದ್ ಇದೆ. ಅದರ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಇದು ದಿಲ್ಲಿ ಅಥವಾ ಬಿಜಾಪುರದ ಕಲ್ಲು-ಗುಮ್ಮಟಗಳ ಪರಂಪರೆಯಲ್ಲ, ಕರಾವಳಿಯ ಬಡಗಿಗಳ ಕೈಕೆಲಸ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಮಾಲಿಕ್ ದೀನಾರ್ ಮತ್ತು ಅವರ ಸಂಗಾತಿಗಳು ಪ್ರವಾದಿಯವರ(ಸ) ಶತಮಾನದಲ್ಲೇ ಪಶ್ಚಿಮ ಕರಾವಳಿಗೆ ಬಂದು ಕಟ್ಟಿಸಿದ ಮಸ್ಜಿದ್‌ಗಳಲ್ಲಿ ಇದೂ ಒಂದು ಎಂಬುದು ಪರಂಪರೆಯ ನಂಬಿಕೆ. 16ನೆಯ ಶತಮಾನದಲ್ಲಿ ಝೈನುದ್ದೀನ್ ಮಖ್ದೂಮರು ಅರಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಗ್ರಂಥ ಆ ಮಸ್ಜಿದ್‌ಗಳ ಪಟ್ಟಿಯನ್ನು ಕೊಡುವಾಗ ಕೊಡುಂಗಲ್ಲೂರು, ಕಾಸರಗೋಡುಗಳ ಜೊತೆಗೆ ಬಾರ್ಕೂರನ್ನೂ ಮಂಗಳೂರನ್ನೂ ಹೆಸರಿಸುತ್ತದೆ. ಇಸವಿಯ ವಿಚಾರದಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಅದಕ್ಕಾಗಿ ನಾವು ಜಗಳವಾಡಬೇಕಾದ ಅಗತ್ಯವೂ ಇಲ್ಲ. ಏಳನೆಯ ಶತಮಾನವೇ ಆಗಲಿ, ಅದರ ನಂತರದ್ದೇ ಆಗಲಿ, ಬಂದವರು ಯಾರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಂದವರು ವ್ಯಾಪಾರಿಗಳು. ಅವರ ಕೈಯಲ್ಲಿ ಇದ್ದದ್ದು ತಕ್ಕಡಿ.

1342ರ ಸುಮಾರಿಗೆ ಹೊನ್ನಾವರ, ಬಾರ್ಕೂರುಗಳ ಮಾರ್ಗವಾಗಿ ಮಂಗಳೂರಿಗೆ ಬಂದಿಳಿದ ಇಬ್ನ್ ಬತೂತಾ ಈ ಊರನ್ನು ವರ್ಣಿಸಿದ್ದಾನೆ. ಪರ್ಶಿಯಾ ಮತ್ತು ಯಮನಿನ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇಲ್ಲಿಯೇ ಇಳಿಯುತ್ತಿದ್ದರು. ಮೆಣಸು ಮತ್ತು ಶುಂಠಿ ಹೇರಳವಾಗಿ ಸಿಗುತ್ತಿದ್ದವು. ಊರ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸ್ಲಿಮರು ನೆಲೆಸಿದ್ದರು. ಶಾಫಿಈ ಪಂಥದ ಒಬ್ಬ ಖಾಝಿ ಅಲ್ಲಿ ಪಾಠ ಹೇಳುತ್ತಿದ್ದರು. ಅವನು ಇನ್ನೊಂದು ಮಾತನ್ನೂ ಬರೆದಿದ್ದಾನೆ, ಅದನ್ನು ನಮ್ಮವರು ಉಲ್ಲೇಖಿಸುವುದು ಕಡಿಮೆ. ಊರವರಿಗೂ ಈ ಮುಸ್ಲಿಮರಿಗೂ ಆಗಾಗ ಕಾದಾಟಗಳಾಗುತ್ತಿದ್ದವು. ಅರಸನು ಮಧ್ಯೆ ಬಂದು ರಾಜಿ ಮಾಡಿಸುತ್ತಿದ್ದನು, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಾಗಿದ್ದರು. ಹಿಂದಿನ ಕಾಲವೆಲ್ಲ ಹಾಲು-ಜೇನು, ಈಗಿನದು ಮಾತ್ರ ವಿಷ ಎಂದು ಭಾಷಣಗಳಲ್ಲಿ ಹೇಳುವವರು ಈ ಸಾಲುಗಳನ್ನು ಓದಬೇಕು. ಸೌಹಾರ್ದವು ಆಗಲೂ ಮಾವಿನ ಮರದಲ್ಲಿ ತಾನಾಗಿ ಬಿಡುತ್ತಿರಲಿಲ್ಲ. ಅದನ್ನು ದಿನದಿನವೂ ಉಳಿಸಿಕೊಂಡದ್ದು ಪರಸ್ಪರರ ಅಗತ್ಯ, ಮತ್ತು ಆ ಅಗತ್ಯವನ್ನು ವಿಶ್ವಾಸವಾಗಿ ಬದಲಿಸಿದ ಕೊಡು-ಕೊಳ್ಳುವಿಕೆ.

ಆ ವಿಶ್ವಾಸ ಎಷ್ಟು ದೂರ ಹರಡಿತ್ತೆಂಬುದಕ್ಕೆ ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಪುರಾವೆ ಇದೆ. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಸುಮಾರು 17 ವರ್ಷ ಬಾಳಿದನು. ಏಡನ್‌ನಿಂದ ಅವನಿಗೆ ಬಂದ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದುಕೊಂಡಿವೆ. ಅವುಗಳಲ್ಲಿ ಬೊಮ್ಮ ಎಂಬ ತುಳುನಾಡಿನ ಆಳು ಯಜಮಾನನ ಸರಕಿನೊಂದಿಗೆ ಕಡಲು ದಾಟಿ ಏಡನ್‌ಗೆ ಹೋಗಿ ಬರುತ್ತಾನೆ; ಯಹೂದಿ, ಮುಸ್ಲಿಮ್, ಹಿಂದೂ ವ್ಯಾಪಾರಿಗಳು ಒಬ್ಬರ ಸರಕನ್ನು ಒಬ್ಬರ ಹಡಗಿಗೆ ಒಪ್ಪಿಸುತ್ತಾರೆ. ಬ್ಯಾಂಕುಗಳಿಲ್ಲ, ಮೊಬೈಲ್ ಇಲ್ಲ. ಸರಕು ಹೋಗಿ ಅದರ ಲೆಕ್ಕ ಹಿಂದಿರುಗಲು ಒಂದು ಮಳೆಗಾಲ ಕಳೆಯಬೇಕು. ಕೊಟ್ಟವನಿಗೆ ಉಳಿಯುತ್ತಿದ್ದ ಆಧಾರ ಪಡೆದವನ ಮಾತು ಮಾತ್ರ. ಇದಕ್ಕೆ ನಮ್ಮ ದೀನ್ ಕೊಟ್ಟ ಹೆಸರು ಅಮಾನತ್. ಸತ್ಯವಂತನೂ ವಿಶ್ವಾಸಾರ್ಹನೂ ಆದ ವ್ಯಾಪಾರಿಯ ಸ್ಥಾನ ಪ್ರವಾದಿಗಳು, ಸತ್ಯಸಂಧರು ಮತ್ತು ಹುತಾತ್ಮರ ಜೊತೆಯಲ್ಲಿದೆ ಎಂಬ ಪ್ರವಾದಿ ವಚನವನ್ನು ನಾವೆಲ್ಲರೂ ಕೇಳಿದ್ದೇವೆ. ಬಂದರಿನ ಓಣಿಗಳಲ್ಲಿ ಆ ವಚನವು ಉಪದೇಶವಾಗಿ ಅಲ್ಲ, ಜೀವನೋಪಾಯವಾಗಿ ಬದುಕಿತ್ತು. ಕರಾವಳಿಯ ಬ್ಯಾರಿ ಸಮುದಾಯದ ಹೆಸರೇ ವ್ಯಾಪಾರ ಎಂಬರ್ಥದ ತುಳುವಿನ ‘ಬ್ಯಾರ’ದಿಂದ ಬಂದದ್ದೆಂದು ಹಲವರು ಹೇಳುತ್ತಾರೆ. ಒಂದು ಸಮುದಾಯವನ್ನು ನೆರೆಯವರು ಅದರ ಕಸುಬಿನಿಂದಲೇ ಗುರುತಿಸಿದರು ಎಂದಾದರೆ, ಆ ಕಸುಬು ಅವರ ಕಣ್ಣಿಗೆ ಹೇಗೆ ಕಂಡಿರಬೇಕು!

ನಮ್ಮ ಬಯಲುಸೀಮೆ ಮತ್ತು ಅರೆಮಲೆನಾಡಿನ ಮನೆಗಳಲ್ಲಿ ಇತಿಹಾಸವೆಂದರೆ ಸುಲ್ತಾನರು. ಮಕ್ಕಳಿಗೆ ಹೈದರಲಿ, ಟಿಪ್ಪುವಿನ ಕಥೆ ಗೊತ್ತು. ಮಂಗಳೂರಿಗೆ ಹೋದರೆ ಬೋಳೂರಿನ ಸುಲ್ತಾನ್ ಬತ್ತೇರಿಯ ಮುಂದೆ ಒಂದು ಫೋಟೊ ಖಚಿತ. ಫಲ್ಗುಣಿ ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಸುಲ್ತಾನರು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಅದೇ ವರ್ಷ ಮಾರ್ಚ್ 11ರಂದು ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಂಗಳೂರು ಒಪ್ಪಂದವಾಯಿತು. ಬಂದರಿನ ಮಸ್ಜಿದ್ ನವೀಕರಣಗೊಂಡು ಟಿಪ್ಪುವಿನ ಮಗಳ ಹೆಸರು ಪಡೆದದ್ದೂ ಆ ವರ್ಷವೇ ಎನ್ನುತ್ತಾರೆ. ಹೆಮ್ಮೆಪಡಲಿ. ಆದರೆ ಅದೇ 1784 ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಬೇರೆಯೇ ಕಾರಣಕ್ಕೆ ನೆನಪಿನಲ್ಲಿದೆ: ಸಾವಿರಾರು ಕುಟುಂಬಗಳನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು, ಹಲವರು ದಾರಿಯಲ್ಲೇ ತೀರಿಕೊಂಡರು. ನಮ್ಮ ಮಕ್ಕಳು ಕಾಲೇಜಿನಲ್ಲಿ ಆ ಮನೆಗಳ ಮಕ್ಕಳ ಪಕ್ಕದಲ್ಲೇ ಕೂರುತ್ತಾರೆ. ಗೋಪುರದ ಕಥೆ ಹೇಳುವ ತಂದೆ-ತಾಯಿ ಈ ಕಥೆಯನ್ನೂ ಹೇಳಿ ಕಳುಹಿಸುವುದು ನ್ಯಾಯ. ಅರಸರು ಬಂದರು, ಹೋದರು. ಅವರ ರಾಜಕಾರಣದ ಭಾರವನ್ನು ದೀನ್ ಹೊರಬೇಕಾಗಿಲ್ಲ. ಇಸ್ಲಾಮ್ ಈ ಕರಾವಳಿಯಲ್ಲಿ ಬೇರೂರಿದ್ದು ಯಾವ ಗೋಪುರಕ್ಕಿಂತಲೂ ಶತಮಾನಗಳ ಮೊದಲು, ಮಂಡಿಯಲ್ಲಿ.

ಇದು ಕರಾವಳಿಯವರ ಕಥೆ, ನಮಗೇನು ಎಂದು ನ್ಯಾಮತಿಯಲ್ಲೋ ಹೊನ್ನಾಳಿಯಲ್ಲೋ ಕುಳಿತ ಓದುಗರು ಕೇಳಬಹುದು. ಘಟ್ಟದ ಮೇಲಿನ ನಾಡು ಮತ್ತು ಆ ಬಂದರು ಎಂದೂ ಬೇರೆಬೇರೆಯಾಗಿರಲಿಲ್ಲ. ಕೆಳದಿ ನಾಯಕರ ಕಾಲದಲ್ಲಿ ಮಂಗಳೂರು ಅವರ ಆಳ್ವಿಕೆಗೆ ಸೇರಿದ ಬಂದರು. ಮಲೆನಾಡಿನ ಮೆಣಸು ಎತ್ತಿನ ಹೇರಿನಲ್ಲಿ ಘಟ್ಟ ಇಳಿಯುತ್ತಿತ್ತು. 1763ರಲ್ಲಿ ಹೈದರಲಿಯು ಬಿದನೂರನ್ನು ಗೆದ್ದಾಗ ಅದರ ಜೊತೆಗೇ ಮಂಗಳೂರೂ ಕೈಗೆ ಬಂದದ್ದು ಈ ನಂಟಿನಿಂದಲೇ. ಇಂದಿಗೂ ಆ ನಂಟು ಹರಿದಿಲ್ಲ, ಸರಕು ಮಾತ್ರ ಬದಲಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತೋಟಗಳಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತೇವೆ. ಕರಾವಳಿಯವರು ಹಣ್ಣಡಿಕೆಯನ್ನು ಸಿಪ್ಪೆಯೊಡನೆ ಒಣಗಿಸಿ ಚಾಲಿ ಮಾಡುತ್ತಾರೆ. ನಮ್ಮಲ್ಲಿ ಚನ್ನಗಿರಿಯ ತುಮ್‌ಕೋಸ್, ಅಲ್ಲಿ 1973ರಲ್ಲಿ ಹುಟ್ಟಿ ಮಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ಕ್ಯಾಂಪ್ಕೊ. ಎರಡೂ ಕಡೆ ಅಡಿಕೆಯ ವ್ಯವಹಾರದಲ್ಲಿ ಬದುಕು ಕಟ್ಟಿಕೊಂಡ ಮುಸ್ಲಿಮ್ ಮನೆಗಳಿವೆ: ಖೇಣಿ ಹಿಡಿಯುವವರು, ಕೊನೆ ಇಳಿಸುವವರು, ಲಾರಿ ಓಡಿಸುವವರು, ಸಣ್ಣ ಮಂಡಿ ಇಟ್ಟವರು. ಬಂದರಿನ ಪಾಠ ನೇರವಾಗಿ ತಲುಪಬೇಕಾದದ್ದು ಇವರಿಗೇ.

ಭಾಷೆಯ ಮಾತನ್ನೂ ಇಲ್ಲಿ ಆಡಿಬಿಡಬೇಕು. ಸವಳಂಗದ ಮನೆಯಲ್ಲಿ ದಖನಿ ಉರ್ದು. ಬಂದರಿನ ಮನೆಯಲ್ಲಿ ಬ್ಯಾರಿ, ಕೂಗಳತೆಯಲ್ಲಿ ತುಳು, ಕೊಂಕಣಿ. ನಾವು ಹನಫಿಗಳು, ಅವರಲ್ಲಿ ಬಹುಪಾಲು ಶಾಫಿಈಗಳು. ನೆರಳು ತನ್ನಷ್ಟೇ ಉದ್ದವಾದಾಗ ಅವರ ಅಸ್ರ್ ಆರಂಭವಾಗುತ್ತದೆ, ಇಮ್ಮಡಿಯಾದಾಗ ನಮ್ಮದು. ಫಜ್ರ್‌ನಲ್ಲಿ ಅವರ ಇಮಾಮರು ಖುನೂತ್ ಓದುವಾಗ ನಮ್ಮ ಹುಡುಗರು ಗಲಿಬಿಲಿಗೊಂಡು ಅತ್ತಿತ್ತ ನೋಡುವುದುಂಟು. ಬಂದರಿನಲ್ಲಿ ಕಚ್ಚಿ ಮೇಮನರ ಮಸ್ಜಿದ್ ಕೂಡ ಇದೆ; ಅವರು ಕಛ್ ಪ್ರದೇಶದಿಂದ ಬಂದ ಹನಫಿಗಳು. ಇಷ್ಟೆಲ್ಲ ವೈವಿಧ್ಯದ ನಡುವೆ ಸಲಾಮ್ ಹೇಳಿ ಮುಗಿದ ಮೇಲೆ ಒಬ್ಬರೊಡನೊಬ್ಬರು ಮಾತಾಡುವುದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅವರ ಕೈಯಲ್ಲಿ ಹೊರಬಂದದ್ದು ಈ ನಗರದಿಂದ. ದೀನನ್ನು ಕನ್ನಡದಲ್ಲಿ ಹೇಳುವ ‘ಸನ್ಮಾರ್ಗ’ ವಾರಪತ್ರಿಕೆ 1978ರಲ್ಲಿ ಆರಂಭವಾದದ್ದೂ, ಮಹಿಳೆಯರ ‘ಅನುಪಮ’ ಮಾಸಿಕ ಬರುತ್ತಿರುವುದೂ, ಶಾಂತಿ ಪ್ರಕಾಶನದ ಕುರ್‌ಆನ್ ಮತ್ತು ಹದೀಸ್ ಅನುವಾದಗಳು ಅಚ್ಚಾಗುವುದೂ ಇಲ್ಲಿಂದಲೇ. ಉರ್ದು ನಮ್ಮ ಅಜ್ಜಿಯಂದಿರ ಭಾಷೆ, ಅದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಉರ್ದು ಓದಲು ಬಾರದ, ಕನ್ನಡ ಶಾಲೆಯಲ್ಲಿ ಕಲಿತ ಮಗನಿಗೆ ದೀನ್ ಯಾವ ಭಾಷೆಯಲ್ಲಿ ತಲುಪುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಆ ಬಂದರು ನಗರವು ನಮಗಿಂತ ಬಹಳ ಮೊದಲೇ ಕಂಡುಕೊಂಡಿತು.

ಈಗ ಕಹಿಯಾದ ವಿಷಯಕ್ಕೆ ಬರೋಣ.

ಮಂಗಳೂರಿನಿಂದ ಉಡುಪಿಯತ್ತ ಹೋಗುವ ಹೆದ್ದಾರಿಯಲ್ಲಿ ಮೂಲ್ಕಿ ಸಿಗುತ್ತದೆ. ಅಲ್ಲಿನ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯದ ಸ್ಥಳೀಯ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವ್ಯಾಪಾರಿಯ ಹೆಸರಿದೆ. ಶಾಂಭವಿ ನದಿಯಲ್ಲಿ ಅವನ ದೋಣಿ ನಿಂತ ಕಥೆಯನ್ನು ಊರವರೇ ಹೇಳುತ್ತಾರೆ, ಅವನ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುತ್ತ ಬಂದಿದೆ. ಐತಿಹ್ಯದ ಕುರಿತು ನಮ್ಮ ವಿಶ್ವಾಸದ ನಿಲುವು ಏನೇ ಇರಲಿ, ಒಬ್ಬ ಮುಸ್ಲಿಮ್ ವ್ಯಾಪಾರಿಯ ಹೆಸರನ್ನು ನೆರೆಯವರು ತಮ್ಮ ಊರಿನ ಹೆಸರಿನೊಳಗೇ ಇಟ್ಟುಕೊಂಡರು ಎಂಬುದು ಸಣ್ಣ ಮಾತಲ್ಲ. 2022ರ ಮಾರ್ಚ್‌ನಲ್ಲಿ ಅದೇ ಬಪ್ಪನಾಡಿನ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಫಲಕಗಳು ಎದ್ದವು. ಅದೇ ತಿಂಗಳು ಘಟ್ಟದ ಮೇಲೆ, ಸವಳಂಗದಿಂದ ಒಂದು ಗಂಟೆಯೊಳಗಿನ ದಾರಿಯ ಶಿವಮೊಗ್ಗದಲ್ಲಿ, ಕೋಟೆ ಮಾರಿಕಾಂಬಾ ಜಾತ್ರೆಯಲ್ಲೂ ಹಾಗೆಯೇ ಆಯಿತು. ದೇವಾಲಯಗಳ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನು ಅಂದಿನ ಸರಕಾರ ಮುಂದಿಟ್ಟಿತು. ಬಳೆ, ಆಟಿಕೆ, ಹಣ್ಣು, ಕಬ್ಬಿನ ಹಾಲು ಮಾರಿ ವರ್ಷದ ಬಾಡಿಗೆಯನ್ನು ಜಾತ್ರೆಗಳಲ್ಲಿ ದುಡಿಯುವವರ ಮನೆಯ ಒಲೆಗೆ ಅದು ಬಿದ್ದ ನೀರು.

ಇದು ಅನ್ಯಾಯ. ಅನ್ಯಾಯವೆಂದು ಸಂವಿಧಾನದ ಭಾಷೆಯಲ್ಲಿ, ಕಾನೂನಿನ ದಾರಿಯಲ್ಲಿ, ನ್ಯಾಯಪರರಾದ ನೆರೆಯವರ ಜೊತೆ ನಿಂತು ಹೇಳಬೇಕು. ಈ ವಿಚಾರದಲ್ಲಿ ಮೆತ್ತಗಾಗುವುದು ಬೇಡ. ನಮ್ಮ ಆತಂಕ ಇನ್ನೊಂದು ಕಡೆಗಿದೆ. ಆ ಬಳಿಕ ನಮ್ಮ ಯುವಕರಲ್ಲಿ ಎರಡು ಮಾತುಗಳು ಕೇಳಿಬರುತ್ತಿವೆ. ನಾವು ನಮ್ಮವರಲ್ಲೇ ಕೊಳ್ಳೋಣ, ನಮ್ಮವರಿಗೇ ಮಾರೋಣ ಎಂಬುದು ಒಂದು. ನಮ್ಮನ್ನು ಹೊರಗಿಟ್ಟವರಿಗೆ ನಾವೇಕೆ ನಿಯತ್ತಿನಿಂದ ಇರಬೇಕು ಎಂಬುದು ಇನ್ನೊಂದು. ಮೊದಲನೆಯದು ಅವಿವೇಕ; ಅಡಿಕೆ ತೋಟಗಳು ಯಾರವು, ಮೆಕ್ಕೆಜೋಳ ಬೆಳೆಯುವವರು ಯಾರು ಎಂದು ಒಂದು ಸುತ್ತು ನೋಡಿ ಬಂದರೆ ಸಾಕು. ಎರಡನೆಯದು ಅವಿವೇಕಕ್ಕಿಂತ ಹೆಚ್ಚಿನದು, ಅದು ದೀನಿಗೇ ಬೆನ್ನು ಹಾಕುವ ಮಾತು.

ಪ್ರವಾದಿಯವರ(ಸ) ಬದುಕನ್ನೇ ನೋಡಿ. ಮಕ್ಕಾದ ಕುರೈಷರು ಬನೂ ಹಾಶಿಮ್ ವಂಶವನ್ನೇ ಬಹಿಷ್ಕರಿಸಿದರು. ಅವರೊಡನೆ ಮದುವೆ ಇಲ್ಲ, ಮಾರಾಟ ಇಲ್ಲ, ಕೊಳ್ಳುವಿಕೆ ಇಲ್ಲ. ಸುಮಾರು ಮೂರು ವರ್ಷ ಅಬೂತಾಲಿಬರ ಕಣಿವೆಯಲ್ಲಿ ಮಕ್ಕಳು ಹಸಿವಿನಿಂದ ಅತ್ತರು. ಜಾತ್ರೆಯ ಫಲಕಕ್ಕಿಂತ ಎಷ್ಟು ಪಾಲು ಕಠೋರವಾದ ಬಹಿಷ್ಕಾರ! ಇಷ್ಟಾದ ಮೇಲೂ, ವರ್ಷಗಳ ನಂತರ ಹಿಜ್‌ರತ್ ಹೊರಡುವ ರಾತ್ರಿ, ಅದೇ ಮಕ್ಕಾದ ಜನರು ಕಾಪಿಡಲು ಕೊಟ್ಟ ಒಡವೆ-ವಸ್ತುಗಳು ಪ್ರವಾದಿಯವರ(ಸ) ಮನೆಯಲ್ಲಿದ್ದವು. ಕೊಲ್ಲಲು ಹೊಂಚು ಹಾಕಿದವರಿಗೂ ತಮ್ಮ ಹಣ ಇಡಲು ಅವರಿಗಿಂತ ನಂಬಿಗಸ್ತ ಮನುಷ್ಯ ಊರಿನಲ್ಲಿ ಸಿಕ್ಕಿರಲಿಲ್ಲ! ಆ ಅಮಾನತ್‌ಗಳನ್ನು ಒಂದೊಂದಾಗಿ ಹಿಂದಿರುಗಿಸಿ ಬರಲು ಹಝ್ರತ್ ಅಲಿಯವರನ್ನು(ರ) ಹಿಂದೆ ಬಿಟ್ಟು ಹೋದರು. ಬಹಿಷ್ಕಾರಕ್ಕೆ ಪ್ರತಿಯಾಗಿ ಒಂದು ದೀನಾರನ್ನೂ ತಡೆಹಿಡಿಯಲಿಲ್ಲ.

ಈ ಪ್ರಸಂಗವನ್ನು ಜುಮಾ ಬಯಾನ್‌ಗಳಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ನಾವು ಅಡಿಕೆ ಮೂಟೆಯ ಮುಂದೆ ಅದನ್ನು ನೆನೆಯುವುದಿಲ್ಲವೇಕೆ? ರಾಶಿ ಅಡಿಕೆಯ ನಡುವೆ ಬಣ್ಣ ಹಚ್ಚಿದ ಸಿಪ್ಪೆಗೋಟು ಬೆರೆಸುವುದು, ಮೆಕ್ಕೆಜೋಳದ ತೇವಾಂಶವನ್ನು ಬಾಯಿಮಾತಿನಲ್ಲೇ ಹೆಚ್ಚಿಸಿ ಹೇಳಿ ಚೀಲಕ್ಕಿಷ್ಟು ಎಂದು ತೂಕ ಕಳೆಯುವುದು. ಇದನ್ನು ಮಾಡುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಿಜ. ಎಲ್ಲರೂ ಮಾಡುತ್ತಾರೆ ಎಂಬ ಉತ್ತರ ಮಾತ್ರ ನಮ್ಮ ಬಾಯಿಗೆ ಒಪ್ಪುವುದಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದನು ವ್ಯಾಪಾರಿ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲ ಎಂಬರ್ಥದ ಮಾತನ್ನು ಹೇಳಿದರು. ಅಳತೆಯಲ್ಲಿ ಕಡಿಮೆ ಮಾಡುವವರ ಬಗ್ಗೆ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವೇ ಇದೆ, ‘ಅಲ್ ಮುತಫ್ಫಿಫೀನ್’. ಹಝ್ರತ್ ಶುಐಬರ(ಅ) ಜನಾಂಗ ನಾಶವಾದ ಕಾರಣಗಳಲ್ಲಿ ತಕ್ಕಡಿಯೂ ಒಂದು.

ಖೇಣಿಯ ವ್ಯವಹಾರವನ್ನಂತೂ ನಮ್ಮ ಜಮಾಅತ್‌ಗಳು ಕೂಡಲೇ ಕೈಗೆತ್ತಿಕೊಳ್ಳಬೇಕು. ಫಸಲು ಬಲಿಯುವ ಲಕ್ಷಣ ಕಾಣುವ ಮೊದಲೇ ಮರದ ಮೇಲಿನ ಕಾಯಿಯನ್ನು ಮಾರುವುದನ್ನು ಪ್ರವಾದಿಯವರು(ಸ) ತಡೆದಿದ್ದಾರೆ. ಕೊಳೆರೋಗ ಬಂದು ಕಾಯಿ ಉದುರಿದ ವರ್ಷ ಖೇಣಿ ಹಿಡಿದವನೂ ತೋಟದವನೂ ಪಂಚಾಯಿತಿಯಲ್ಲಿ ಎದುರುಬದುರಾಗುವುದನ್ನು ಕಂಡವರಿಗೆ ಈ ತಡೆಯ ಹಿಂದಿನ ಹಿಕ್ಮತ್ ವಿವರಿಸಬೇಕಾಗಿಲ್ಲ. ಯಾವ ರೂಪದ ಕರಾರು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಬಲ್ಲ ಉಲಮಾಗಳನ್ನು ಕೊಯ್ಲಿಗೆ ಮೊದಲೇ ಕರೆಸಿ ಕೇಳಲಿ. ಇನ್ನು ಮುಂಗಡದ ಲೆಕ್ಕ. ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಮದ್ರಸದ ಮಕ್ಕಳನ್ನು ಕೇಳಿದರೆ ಸ್ವರ್ಗ, ನರಕ, ನಮಾಝ್ ಎಂದೆಲ್ಲ ಊಹಿಸುತ್ತಾರೆ. ಅದು ‘ಅಲ್ ಬಕರ’ ಅಧ್ಯಾಯದ 282ನೆಯ ಸೂಕ್ತ. ಸಾಲವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಬರೆದುಕೊಡಲು ಹಿಂಜರಿಯಬಾರದು, ಮೊತ್ತ ಸಣ್ಣದೆಂದು ಬೇಸರಪಡಬಾರದು ಎಂದು ಅದು ಬಿಡಿಬಿಡಿಯಾಗಿ ಕಲಿಸುತ್ತದೆ. ಸವಳಂಗದ ಸಂತೆಯಲ್ಲಿ ಹತ್ತು ಸಾವಿರ ರೂಪಾಯಿಯ ಮುಂಗಡ ಪಡೆದು, ಕನ್ನಡದಲ್ಲಿ ಒಂದು ಚೀಟಿ ಬರೆದು ಗೌಡರಿಗೋ ಶೆಟ್ಟರಿಗೋ ಒಪ್ಪಿಸಿದರೆ ಅದೂ ಆ ಸೂಕ್ತದ ಪಾಲನೆಯೇ. ಚೀಟಿಯನ್ನು ಇಬ್ಬರೂ ಓದಬಲ್ಲರು ಎಂಬುದು ಕನ್ನಡದ ಇನ್ನೊಂದು ಉಪಕಾರ.

ನಿಯತ್ತಿನಿಂದ ನಡೆದರೆ ಫಲಕಗಳು ನಾಳೆಯೇ ಇಳಿಯುತ್ತವೆಯೇ? ಹಾಗೆಂದು ಭರವಸೆ ಕೊಡಲಾಗದು. ಫಲಕ ನೆಡುವವರಿಗೆ ತಕ್ಕಡಿಯ ಚಿಂತೆಯಿಲ್ಲ. ಆದರೆ ತೋಟದ ಯಜಮಾನನಿಗೆ, ಸಂತೆಗೆ ಬರುವ ಹೆಣ್ಣುಮಗಳಿಗೆ ಅದರ ಚಿಂತೆಯಿದೆ. ಇಬ್ನ್ ಬತೂತಾ ಕಂಡ ಅರಸನಂತೆ ಅವರಿಗೂ ವ್ಯಾಪಾರಿ ಬೇಕು. ಕಾದಾಟಗಳ ನಡುವೆಯೂ ಆರೇಳು ಶತಮಾನ ಆ ಕೇರಿಯನ್ನು ಅಲ್ಲೇ ಉಳಿಸಿದ್ದು ಇಂಥವರು.

ಮಂಗಳೂರಿಗೆ ಹೋಗುವವರಿಗೆ ಒಂದೆರಡು ಸೂಚನೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಂದರಿಗೆ ನಡೆದೇ ಹೋಗಬಹುದು. ಬೆಳಿಗ್ಗೆ ಹೋದರೆ ಮಂಡಿಗಳ ವಹಿವಾಟು ಜೋರಾಗಿರುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳು ಅಕ್ಕಿ, ತರಕಾರಿ, ಸಿಮೆಂಟು ತುಂಬಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಬಹುದು. ಆ ದ್ವೀಪಗಳಲ್ಲಿ ಅಮೀನ್‌ದಿವಿ ಗುಂಪು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿಂದ ದೋಣಿಯಲ್ಲಿ ಎದುರು ದಂಡೆಯ ಬೆಂಗ್ರೆಗೆ ಹೋದರೆ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ಮೀನುಗಾರರ ಮನೆಗಳು. ಮರಳಿ ಬಂದು ಝೀನತ್ ಬಕ್ಷ್‌ನಲ್ಲಿ ಅಸ್ರ್‌ಗೆ ಸೇರಬೇಕೆಂದಿದ್ದರೆ ನಮ್ಮೂರಿನ ಗಡಿಯಾರವನ್ನು ನಂಬಬೇಡಿ. ಅಲ್ಲಿ ಜಮಾಅತ್ ಬೇಗನೆ ನಿಲ್ಲುತ್ತದೆ.